ಕತ್ತರಿ ಯಾರ ಹತ್ರ ಇದೆ?

ಕನ್ನಡದಲ್ಲಿ ಪುಸ್ತಕ ಬರೆಯುವುದು ಕಷ್ಟ ಅನ್ನುವವರು ಅದನ್ನು ಬಿಡುಗಡೆ ಮಾಡಿ ನೋಡಿರುವುದಿಲ್ಲ. ಬರೆಯುವಾಗ ಬೇಕಾಗುವುದು ಒಂದೇ ಕುರ್ಚಿ. ಬಿಡುಗಡೆಗೆ ಕುರ್ಚಿ ಸಾಲುವುದಿಲ್ಲ. ಭಾನುವಾರ ಬೆಳಿಗ್ಗೆ ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತಿಗೋ, ಜೆ.ಸಿ. ರಸ್ತೆಯ ನಯನಕ್ಕೋ, ಬಸವನಗುಡಿಯ ವಾಡಿಯಾ ಸಭಾಂಗಣಕ್ಕೋ ಹೋಗಿ ಇಣುಕಿ ನೋಡಿ. ವೇದಿಕೆಯ ಮೇಲೆ ಏಳು ಜನ ಗಂಭೀರವಾಗಿ ಕೂತಿರುತ್ತಾರೆ, ಎಂಟನೆಯವರಿಗಾಗಿ ಒಬ್ಬ ಹುಡುಗ ಪ್ಲಾಸ್ಟಿಕ್ ಕುರ್ಚಿ ಎತ್ತಿಕೊಂಡು ಮೆಟ್ಟಿಲು ಹತ್ತುತ್ತಿರುತ್ತಾನೆ. ತಾಲ್ಲೂಕು ಕೇಂದ್ರಗಳ ಕನ್ನಡ ಭವನಗಳಲ್ಲಿ ಈ ಸಂಖ್ಯೆ ಹನ್ನೊಂದು ಮುಟ್ಟುವುದೂ ಉಂಟು. ಅಲ್ಲಿ ಸಭಿಕರಿಗಿಂತ ವೇದಿಕೆಯೇ ತುಂಬಿ ತುಳುಕುತ್ತಿರುತ್ತದೆ.

ಬಿಡುಗಡೆ ಸಮಾರಂಭಗಳಲ್ಲಿ ಆಗುವ ಸಕಲ ಎಡವಟ್ಟುಗಳಿಗೂ ಮೈಕಿನವನನ್ನು, ಪ್ರೆಸ್ಸಿನವನನ್ನು, ಉಪ್ಪಿಟ್ಟಿನವನನ್ನು ಬೈಯುವುದು ವಾಡಿಕೆ. ಅದು ಅನ್ಯಾಯ. ಮೂಲ ಇರುವುದು ಕುರ್ಚಿಯ ಲೆಕ್ಕದಲ್ಲಿ. ವೇದಿಕೆ ಮೇಲೆ ಒಬ್ಬರು ಹೆಚ್ಚಾದರೆ ಅವರ ಪರಿಚಯಕ್ಕೆ ಎರಡು ನಿಮಿಷ. ಶಾಲು, ಹಾರ, ಸ್ಮರಣಿಕೆ, ಫೋಟೊಗೆ ಇನ್ನೆರಡು. ಉಳಿದ ಆರು ಗಣ್ಯರು, ಸ್ವಾಗತದವರು, ವಂದನೆಯವರು ಸೇರಿ ಎಂಟು ಜನ ತಲಾ ಎಂಟು ಸೆಕೆಂಡು ತೆಗೆದುಕೊಂಡು ಅವರ ಹೆಸರನ್ನು ಬಿರುದಿನ ಸಮೇತ ಉಚ್ಚರಿಸಲು ಒಂದು ನಿಮಿಷ. ಆಮೇಲೆ ಅವರೇ ಎದ್ದು ನಿಂತು ಆಡುವ ‘ಎರಡೇ ಎರಡು ಮಾತಿಗೆ’ ಹನ್ನೆರಡು ನಿಮಿಷ. ಒಂದು ಕುರ್ಚಿಗೆ 17 ನಿಮಿಷವಾಯಿತು. ಏಳಕ್ಕೆ 119. ಆಹ್ವಾನ ಪತ್ರಿಕೆಯಲ್ಲಿ ಹತ್ತೂವರೆ ಎಂದಿರುತ್ತದೆ, ಶುರುವಾಗುವುದು ಹನ್ನೊಂದೂ ಕಾಲಿಗೆ. ಒಂದೂವರೆಗೆ ಸಭಾಂಗಣ ಬಿಟ್ಟುಕೊಡಬೇಕು, ಮಧ್ಯಾಹ್ನದ ಭರತನಾಟ್ಯದವರು ಆಗಲೇ ಗೆಜ್ಜೆಪೆಟ್ಟಿಗೆ ತಂದು ಬಾಗಿಲಲ್ಲಿ ಕೂತಿರುತ್ತಾರೆ. ಕೈಯಲ್ಲಿರುವುದು 135 ನಿಮಿಷ. ಕುರ್ಚಿಗಳ ಪಾಲು ಕಳೆದರೆ ಉಳಿಯುವುದು ಹದಿನಾರು.

ಆ ಹದಿನಾರರಲ್ಲಿ ಪ್ರಾರ್ಥನೆ, ನಾಡಗೀತೆ, ದೀಪ, ಸ್ವಾಗತ, ಪ್ರಾಸ್ತಾವಿಕ, ಕೃತಿ ಪರಿಚಯ, ಲೇಖಕರ ಮಾತು, ವಂದನಾರ್ಪಣೆ ಎಲ್ಲವೂ ಮುಗಿಯಬೇಕು. ಸಮಯ ಪಾಲಿಸುವುದು ನಾಡಗೀತೆಯೊಂದೇ. ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ ಎರಡೂವರೆ ನಿಮಿಷದಲ್ಲಿ ಹಾಡಿ ಮುಗಿಸಬೇಕೆಂದು ಸರ್ಕಾರ 2022ರ ಸೆಪ್ಟೆಂಬರಿನಲ್ಲಿ ಆದೇಶ ಮಾಡಿತು. ಸರ್ಕಾರ ಅಲ್ಲಿಗೇ ನಿಲ್ಲಿಸಿದ್ದು ನಷ್ಟ. ಅಧ್ಯಕ್ಷ ಭಾಷಣಕ್ಕೂ ಒಂದು ಧಾಟಿ, ಒಂದು ಮಿತಿ ಗೊತ್ತುಪಡಿಸಿದ್ದರೆ ಕನ್ನಡ ಸಾಹಿತ್ಯಕ್ಕೆ ಅದಕ್ಕಿಂತ ದೊಡ್ಡ ಉಪಕಾರ ಇರುತ್ತಿರಲಿಲ್ಲ.

ಹಾಗಂತ ಲೇಖಕರು ಬೇಕೆಂದೇ ಏಳು ಜನರನ್ನು ಕೂರಿಸುವುದಿಲ್ಲ. ಮೊದಲ ಯೋಜನೆಯಲ್ಲಿ ಮೂರೇ ಕುರ್ಚಿ: ಬಿಡುಗಡೆ ಮಾಡುವವರು, ಪುಸ್ತಕದ ಬಗ್ಗೆ ಮಾತಾಡುವವರು, ಲೇಖಕರು. ಆಮೇಲೆ ಮುನ್ನುಡಿ ಬರೆದವರನ್ನು ಕೆಳಗೆ ಕೂರಿಸುವುದು ಹೇಗೆ ಎಂಬ ಪ್ರಶ್ನೆ ಬರುತ್ತದೆ. ಪ್ರಕಾಶಕರು ಇಲ್ಲದೆ ಆಗುತ್ತದೆಯೇ? ಸಭಾಂಗಣ ಸಿಗುವುದಕ್ಕೆ ಪತ್ರ ಕೊಟ್ಟವರು, ಸ್ಥಳೀಯ ಪರಿಷತ್ ಘಟಕದ ಅಧ್ಯಕ್ಷರು, ಕಾಫಿ ತಿಂಡಿಯ ಖರ್ಚು ವಹಿಸಿಕೊಂಡ ಬಡಾವಣೆಯ ಉದ್ಯಮಿ ಒಬ್ಬೊಬ್ಬರಾಗಿ ಮೇಲೆ ಹತ್ತುತ್ತಾರೆ. ಕೆಲಸ ಹಂಚಲು ಸಾಲದೆ ಹೋದಾಗ ಹುಟ್ಟಿಕೊಂಡ ಹುದ್ದೆಗಳೇ ‘ಗೌರವ ಉಪಸ್ಥಿತಿ’ ಮತ್ತು ‘ಘನ ಉಪಸ್ಥಿತಿ’. ಉಪಸ್ಥಿತಿಯವರು ಸುಮ್ಮನೆ ಉಪಸ್ಥಿತರಾಗಿದ್ದರೆ ಸಾಕು ಎಂದು ಸಂಘಟಕರು ಅಂದುಕೊಂಡಿರುತ್ತಾರೆ. ಮೈಕ್ ಮುಟ್ಟದೆ ಕೆಳಗಿಳಿದ ಘನ ಉಪಸ್ಥಿತಿ ಕರ್ನಾಟಕದ ಯಾವ ಜಿಲ್ಲೆಯಲ್ಲೂ ಇಲ್ಲ.

ಆಹ್ವಾನ ಪತ್ರಿಕೆಯ ಕರಡು ವಾಟ್ಸ್ಯಾಪಿಗೆ ಬಿದ್ದ ಕ್ಷಣದಿಂದ ಕರೆಗಳು ಶುರು. ಒಬ್ಬರ ಹೆಸರಿನ ಹಿಂದೆ ‘ಡಾ.’ ಇಲ್ಲ. ಇನ್ನೊಬ್ಬರ ಇನಿಷಿಯಲ್ಲು ತಿರುಗುಮುರುಗಾಗಿದೆ. ಮತ್ತೊಬ್ಬರ ಫೋಟೊ ಪಕ್ಕದವರದ್ದಕ್ಕಿಂತ ಅರ್ಧ ಇಂಚು ಚಿಕ್ಕದು. ತಿದ್ದಿದ ಕಾರ್ಡು ಹೊರಡುವಷ್ಟರಲ್ಲಿ ಮೊದಲನೆಯದು ನಲವತ್ತು ಗುಂಪು ಸುತ್ತಿ ಬಂದಿರುತ್ತದೆ, ಜನ ನಂಬುವುದು ಅದನ್ನೇ. ಸಮಯ ಬದಲಾಗಿದ್ದರಂತೂ ಅರ್ಧ ಸಭೆ ಒಂದು ಗಂಟೆ ಮುಂಚೆ ಬಂದು ಕಾವಲುಗಾರನ ಜೊತೆ ಜಗಳವಾಡುತ್ತದೆ. ಇದಕ್ಕಿರುವ ಮದ್ದು ಇಷ್ಟೇ: ತಿದ್ದಿದ ಕಾರ್ಡಿನ ಹಿನ್ನೆಲೆ ಬಣ್ಣವನ್ನೇ ಬದಲಿಸಿ. ‘ಪರಿಷ್ಕೃತ’ ಎಂದು ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಹಾಕಿದರೆ ಅದನ್ನು ಓದುವವರು ಪ್ರೂಫ್ ರೀಡರ್ ಮಾತ್ರ, ಅವರನ್ನು ನೀವು ಕರೆದಿರುವುದಿಲ್ಲ.

ಅಕ್ಷರದ ಗಂಡಾಂತರಗಳು ಬೇರೆಯೇ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಿಸಿದ್ದನ್ನು ಹಾಗೇ ವಾಟ್ಸ್ಯಾಪಿಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ತಲೆಯ ಮೇಲೆ ಕೊಂಬು, ಚುಕ್ಕಿ ಮೂಡಿ ಮಂತ್ರವಾದಿಯ ತಗಡು ಸಿದ್ಧವಾಗುತ್ತದೆ. ಯೂನಿಕೋಡಿಗೆ ಪರಿವರ್ತಿಸಿದ ಮೇಲೂ ಒತ್ತಕ್ಷರ, ಅರ್ಕಾವತ್ತುಗಳನ್ನು ಒಂದೊಂದಾಗಿ ನೋಡಲೇಬೇಕು. ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆಯನ್ನು ಒತ್ತುವ ಚಟ ಅನೇಕರಿಗಿದೆ. ಬೆ೦ಗಳೂರು ಎಂದು ಸೊನ್ನೆ ಹಾಕಿ ಬರೆದದ್ದು ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ, ಹುಡುಕಿದರೆ ಮಾತ್ರ ಸಿಗುವುದಿಲ್ಲ. ಇನ್ನು ಫ್ಲೆಕ್ಸ್ ಮತ್ತು ಮುಖಪುಟ. ಹಳೆಯ ಫೋಟೊಶಾಪಿನ ಟೈಪ್ ಸೆಟ್ಟಿಂಗಿನಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆಯನ್ನು ಆನ್ ಮಾಡದೆ, ಇನ್‌ಡಿಸೈನಿನಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಆರಿಸದೆ ಕೂತ ಕಲಾವಿದನ ಕೈಯಲ್ಲಿ ‘ಕ್ರಾಂತಿ’ ಹೋಗಿ ‘ಕ್‌ರಾಂತಿ’ ಆಗುತ್ತದೆ. ಹದಿನೈದು ಅಡಿ ಅಗಲದ ಬ್ಯಾನರಿನಲ್ಲಿ ಆ ಮುರಿದ ಕ್ರಾಂತಿಯ ಕೆಳಗೆ ಕೂತು ಏಳು ಜನ ಭಾಷೆಯ ಅಳಿವು ಉಳಿವಿನ ಬಗ್ಗೆ ಮಾತಾಡುವುದನ್ನು ಸಭೆ ಸಹಿಸಿಕೊಳ್ಳಬೇಕು.

ಇತ್ತ ಪ್ರೆಸ್ಸಿನ ಪಾಡು. ಪುಸ್ತಕ ಡೆಮಿ ಅಷ್ಟಪತ್ರ ಆಕಾರ, ಅಂದರೆ ಕಥೆ ಕಾದಂಬರಿಗಳ ಮಾಮೂಲು ಅಳತೆ. 160 ಪುಟ, ಅಂದರೆ ಒಟ್ಟಿಗೆ ಅಚ್ಚಾಗಿ ಮಡಿಸುವ 16 ಪುಟದ ಕಂತೆ, ಅದೇ ಫಾರಂ, ಹತ್ತು. 70 ಜಿಎಸ್ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಮ್ಯಾಪ್‌ಲಿಥೊ ಕಾಗದವಾದರೆ ಬೆನ್ನಿನ ದಪ್ಪ ಸುಮಾರು ಏಳೂವರೆ ಮಿಲಿಮೀಟರು. ಆ ಲೆಕ್ಕಕ್ಕೆ ಮುಖಪುಟ ಅಚ್ಚಾಗಿ, ಲ್ಯಾಮಿನೇಶನ್ ಮುಗಿದು, ಕಟ್ಟು ಕಟ್ಟಿ ಇಟ್ಟಿರುತ್ತಾರೆ. ಆಗ ಬರುತ್ತದೆ ಮುನ್ನುಡಿ. ಎರಡು ಪುಟ ಕೇಳಿದ್ದಕ್ಕೆ ಹದಿನಾಲ್ಕು ಪುಟ. ಅದರಲ್ಲಿ ಮೊದಲ ಹನ್ನೊಂದು ಪುಟ ಕಾವ್ಯಮೀಮಾಂಸೆಯ ಬಗ್ಗೆ, ಉಳಿದ ಮೂರು ಮುನ್ನುಡಿಕಾರರ ಬಗ್ಗೆ, ಕೊನೆಯ ಸಾಲಿನಲ್ಲಿ ಲೇಖಕರಿಗೆ ಶುಭವಾಗಲಿ. ಕತ್ತರಿಸಲು ಧೈರ್ಯವಿಲ್ಲ, ಅವರ ಕುರ್ಚಿ ಆಗಲೇ ಗೊತ್ತಾಗಿದೆ. ಹನ್ನೊಂದನೇ ಫಾರಂ ಸೇರುತ್ತದೆ, ಬೆನ್ನು ಮುಕ್ಕಾಲು ಮಿಲಿಮೀಟರು ಉಬ್ಬುತ್ತದೆ. ಕೇಳಲು ಅಲ್ಪ. ನೋಡಿದರೆ ಮುಖಪುಟದ ಚಿತ್ರ ಬೆನ್ನಿನ ಮೇಲೆ ಇಣುಕುತ್ತಿರುತ್ತದೆ, ಬೆನ್ನಿನ ಶೀರ್ಷಿಕೆ ಒಂದು ಅಂಚಿಗೆ ಸರಿದು ನಿಂತಿರುತ್ತದೆ. ಪುಟಸಂಖ್ಯೆಯೂ ಹದಿನಾಲ್ಕು ಮುಂದೆ ಹೋಗಿ ಪರಿವಿಡಿ ಸುಳ್ಳಾಗುತ್ತದೆ. ಬಲ್ಲ ಪ್ರಕಾಶಕರು ಮುನ್ನುಡಿಗೆ ರೋಮನ್ ಅಂಕಿ ಕೊಟ್ಟು, ಕಥೆಯ ಒಂದನೇ ಪುಟವನ್ನು ಬೇರೆಯಾಗಿಯೇ ಎಣಿಸುವುದು ಇದಕ್ಕಾಗಿ. ಮುನ್ನುಡಿ ಕೈಗೆ ಬರುವವರೆಗೆ ಮುಖಪುಟ ಅಚ್ಚಿಗೆ ಕೊಡದಿರುವುದು ಇನ್ನೂ ಒಳ್ಳೆಯದು.

ತಡವಾದ ಮುನ್ನುಡಿಯ ಇನ್ನೊಂದು ಫಲ ಬೈಂಡಿಂಗಿನಲ್ಲಿ ಕಾಣುತ್ತದೆ. ಹೊಲಿಗೆಯಿಲ್ಲದೆ ಬೆನ್ನಿಗೆ ಅಂಟು ಹಚ್ಚುವ ಪರ್ಫೆಕ್ಟ್ ಬೈಂಡಿಂಗಿನ ಬಿಸಿ ಅಂಟು ಕೆಲವೇ ಸೆಕೆಂಡಿನಲ್ಲಿ ಹಿಡಿದುಕೊಂಡರೂ ಪೂರ್ತಿ ಗಟ್ಟಿಯಾಗಲು ಒಂದು ದಿನವಾದರೂ ಬೇಕು. ಬೆಳಿಗ್ಗೆ ಎಂಟಕ್ಕೆ ಪ್ರೆಸ್ಸಿನಿಂದ ಆಟೊದಲ್ಲಿ ತಂದ ಪುಸ್ತಕವನ್ನು ಹನ್ನೊಂದೂವರೆಗೆ ಮುಖ್ಯ ಅತಿಥಿಗಳು ಕ್ಯಾಮೆರಾಗಾಗಿ ರೆಕ್ಕೆ ಬಿಚ್ಚಿದ ಹಾಗೆ ಪೂರ್ತಿ ತೆರೆದು ಹಿಡಿದರೆ ‘ಟಪ್’ ಎಂಬ ಸದ್ದು ಮೈಕಿನಲ್ಲಿ ಕೇಳಿಸುತ್ತದೆ. ನಡುವಿನ ಎಂಟು ಹಾಳೆ ಅವರ ಮಡಿಲಲ್ಲಿ. ‘ಹಾಳೆಗಳು ಬಿಡುಗಡೆಯಾದವು’ ಎಂಬ ಹಾಸ್ಯವನ್ನು ಆಗ ಯಾರಾದರೂ ಒಬ್ಬರು ಮಾಡಿಯೇ ಮಾಡುತ್ತಾರೆ.

ಪುಸ್ತಕ ಬಂದೇ ಇಲ್ಲದಿದ್ದರೆ? ಅದಕ್ಕೂ ದಾರಿ ಇದೆ. ಅದೇ ಆಕಾರದ ಹಳೆಯ ಪುಸ್ತಕಕ್ಕೆ ಹೊಸ ಮುಖಪುಟ ಹೊದಿಸಿ ಎತ್ತಿ ತೋರಿಸುವುದು. ಫೋಟೊದಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ. ಅಪಾಯ ಇರುವುದು ಅತಿಥಿಗಳಿಗೆ ಓದುವ ಆಸೆ ಹುಟ್ಟಿದಾಗ. ‘ನೋಡಿ, ಈ ಕವಿಯ ಒಂದು ಸಾಲು ಹೇಳ್ತೀನಿ’ ಎಂದು ಅವರು ಪುಟ ತೆರೆದರೆ ಒಳಗೆ ಜಿಲ್ಲಾ ಸಹಕಾರ ಸಂಘದ ರಜತ ಮಹೋತ್ಸವದ ಸಂಚಿಕೆ ಇರುತ್ತದೆ. ಹೀಗೆ ಮಾಡಲೇಬೇಕಾಗಿ ಬಂದರೆ ನಾಲ್ಕು ಅಂಚಿಗೂ ಅಂಟು ಹಾಕಿಬಿಡುವುದು ಕ್ಷೇಮ. ಅದಕ್ಕಿಂತ ಕ್ಷೇಮ, ಅತಿಥಿಗಳ ಕಿವಿಯಲ್ಲಿ ಮೊದಲೇ ಹೇಳುವುದು. ಹೇಳಿದರೆ ಅವರು ಅದನ್ನೇ ಭಾಷಣದಲ್ಲಿ ಹೇಳುತ್ತಾರೆ ಎಂಬ ಭಯದಿಂದ ಯಾರೂ ಹೇಳುವುದಿಲ್ಲ.

ಈಗ ಪೊಟ್ಟಣಕ್ಕೆ ಬರೋಣ. ಬಿಡುಗಡೆ ಎಂದರೆ ಬಣ್ಣದ ಹೊಳೆಯುವ ಕಾಗದ ಬಿಚ್ಚಬೇಕು ಎಂದು ವಿಧಿಸಿದವರು ಯಾರೋ ತಿಳಿಯದು. ಹಿಂದಿನ ರಾತ್ರಿ ಲೇಖಕರ ಮನೆಯಲ್ಲಿ ಭಾವಮೈದನೊಬ್ಬ ಪ್ರೀತಿಯಿಂದ ಆ ಕೆಲಸ ವಹಿಸಿಕೊಳ್ಳುತ್ತಾನೆ. ಅವನಿಗೆ ಗೊತ್ತಿರುವುದು ಕೊರಿಯರ್ ಪ್ಯಾಕಿಂಗ್. ಉದ್ದಕ್ಕೆ ಎರಡು ಸುತ್ತು, ಅಡ್ಡಕ್ಕೆ ಎರಡು ಸುತ್ತು ಅಗಲದ ಟೇಪು, ಅದರ ಮೇಲೆ ಸ್ಯಾಟಿನ್ ರಿಬ್ಬನ್, ರಿಬ್ಬನಿಗೆ ಮೂರು ಗಂಟು. ಮರುದಿನ ಹರಿವಾಣ ವೇದಿಕೆಗೆ ಬರುತ್ತದೆ, ಹಿನ್ನೆಲೆಯಲ್ಲಿ ವಾದ್ಯಸಂಗೀತ ಮೊಳಗುತ್ತದೆ, ಏಳು ಜನ ಎದ್ದು ನಿಂತು ಉಗುರಿನಿಂದ ಕೆರೆಯತೊಡಗುತ್ತಾರೆ. ಎಪ್ಪತ್ತೆರಡು ವಯಸ್ಸಿನ ಹಿರಿಯ ವಿಮರ್ಶಕರು ಹಲ್ಲು ಹಾಕುವವರೆಗೂ ವಿಷಯ ಹೋಗುತ್ತದೆ. ‘ಕತ್ತರಿ ಯಾರ ಹತ್ರ ಇದೆ?’ ಎಂಬ ಪಿಸುಮಾತು ಕಾಲರ್ ಮೈಕಿನಲ್ಲಿ ಇಡೀ ಸಭೆಗೆ ಕೇಳಿಸುತ್ತದೆ. ವಾದ್ಯಸಂಗೀತ ಮುಗಿದು ಮತ್ತೆ ಮೊದಲಿಂದ ಶುರುವಾಗುತ್ತದೆ. ಕೊನೆಗೆ ಫೋಟೊಗ್ರಾಫರನ ಬೀಗದ ಕೈಯಿಂದ ಕನ್ನಡ ಕಾದಂಬರಿಗೆ ಮುಕ್ತಿ.

ಸರಿಯಾದ ಕ್ರಮ ಬಹಳ ಸರಳ. ಟೇಪು ಬೇಡವೇ ಬೇಡ. ಕಾಗದವನ್ನು ಮಡಿಸಿ, ಒಂದೇ ರಿಬ್ಬನ್ ಸುತ್ತಿ, ಜಾರುಗಂಟು ಹಾಕಿ ಒಂದು ತುದಿ ಉದ್ದ ಬಿಡಿ, ಎಳೆದರೆ ಬಿಚ್ಚಿಕೊಳ್ಳಬೇಕು. ಮುಖಪುಟ ಗಂಟಿನ ಕಡೆಗೇ ಇರಲಿ. ಇಲ್ಲವಾದರೆ ಬಿಚ್ಚಿದ ಭರದಲ್ಲಿ ನಾಲ್ಕು ಜನ ಹಿಂಬದಿ ರಕ್ಷಾಪುಟವನ್ನೂ ಇಬ್ಬರು ತಲೆಕೆಳಗಾದ ಶೀರ್ಷಿಕೆಯನ್ನೂ ಕ್ಯಾಮೆರಾಗೆ ತೋರಿಸುತ್ತಾರೆ, ಮರುದಿನದ ಪತ್ರಿಕೆಯಲ್ಲಿ ಲೇಖಕರ ಪಾಸ್‌ಪೋರ್ಟ್ ಫೋಟೊ ಮತ್ತು ಬಾರ್‌ಕೋಡ್ ಬಿಡುಗಡೆಯಾಗಿರುತ್ತವೆ. ಹರಿವಾಣದಲ್ಲಿ ಕುರ್ಚಿಗಳ ಸಂಖ್ಯೆಗಿಂತ ಎರಡು ಪ್ರತಿ ಹೆಚ್ಚಿಡಿ. ಪುಸ್ತಕ ಸಿಗದೆ ಬರಿಗೈಲಿ ನಿಂತವರು ಪಕ್ಕದವರ ಪುಸ್ತಕದ ಅಂಚು ಹಿಡಿದು ನಗುವ ದೃಶ್ಯ ನೋಡಲು ಕರುಣಾಜನಕ, ಆಮೇಲೆ ಅವರು ಮಾಡುವ ಭಾಷಣ ಇನ್ನೂ.

ದೀಪದ ವಿಚಾರ ಬೇಗ ಮುಗಿಸುತ್ತೇನೆ. ಬತ್ತಿ ಕಾಲು ಗಂಟೆ ಮೊದಲೇ ಎಣ್ಣೆಯಲ್ಲಿ ನೆನೆದಿರಬೇಕು, ತುದಿಗೆ ಚಿಟಿಕೆ ಕರ್ಪೂರದ ಪುಡಿ ಸವರಿರಬೇಕು, ವೇದಿಕೆಯ ಫ್ಯಾನು ಆರಿಸಿರಬೇಕು, ಬೆಂಕಿಪೊಟ್ಟಣ ದೀಪದ ಪಕ್ಕದಲ್ಲೇ ಇರಬೇಕು. ಬತ್ತಿ ಐದು, ಗಣ್ಯರು ಏಳು, ಆದ್ದರಿಂದ ಹೊತ್ತಿಕೊಂಡ ಬತ್ತಿಯನ್ನೇ ಇಬ್ಬರು ಮತ್ತೆ ಹೊತ್ತಿಸುತ್ತಾರೆ. ವೈಚಾರಿಕ ಸಭೆಗಳಲ್ಲಿ ದೀಪದ ಬದಲು ಗಿಡಕ್ಕೆ ನೀರೆರೆಯುವ ಪದ್ಧತಿ ಬಂದಿದೆ. ಒಳ್ಳೆಯದೇ. ಏಳು ಜನ ಏಳು ಚೊಂಬು ಎರೆದರೆ ಕುಂಡ ತುಂಬಿ ನೀರು ಮೈಕಿನ ವೈರಿನತ್ತ ಹರಿಯುತ್ತದೆ ಎಂಬುದೊಂದು ನೆನಪಿರಲಿ.

ಮೈಕ್ ಕೂಗಿಕೊಳ್ಳುವುದಕ್ಕೆ ಕಾರಣ ಒಂದೇ: ಸ್ಪೀಕರಿನಿಂದ ಬಂದ ದನಿ ಮತ್ತೆ ಮೈಕಿಗೆ ಹೊಕ್ಕು ಸುತ್ತುತ್ತದೆ. ಸ್ಪೀಕರ್ ಡಬ್ಬಗಳು ಮೈಕಿಗಿಂತ ಮುಂದೆ, ಸಭೆಯತ್ತ ಮುಖ ಮಾಡಿ ಇರಬೇಕು. ಭಾಷಣಕಾರರು ಮೈಕಿನ ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಬಾರದು, ಮುಚ್ಚಿದರೆ ಅದು ಎಲ್ಲ ದಿಕ್ಕಿನ ಸದ್ದನ್ನೂ ಎಳೆದುಕೊಳ್ಳುತ್ತದೆ. ತುಟಿಯಿಂದ ನಾಲ್ಕು ಬೆರಳು ದೂರ ಸಾಕು. ಕಾರ್ಡ್‌ಲೆಸ್ ಮೈಕಿಗೆ ಹೊಸ ಸೆಲ್ ಹಾಕಿದ್ದರೂ ಒಂದು ಜೊತೆ ಜೇಬಿನಲ್ಲಿರಲಿ. ಹಳೆಯ ಸೆಲ್ಲುಗಳು ಘನ ಉಪಸ್ಥಿತಿಯವರನ್ನೆಲ್ಲ ಹೊತ್ತು ಸಾಗಿ, ಲೇಖಕರು ‘ನನ್ನ ಈ ಪುಸ್ತಕದಲ್ಲಿ’ ಎಂದು ಬಾಯಿ ತೆರೆದಾಗಲೇ ಪ್ರಾಣ ಬಿಡುತ್ತವೆ.

ನಿರೂಪಕಿಯವರ ಪಾಲು ಬೇರೆ ಇದೆ. ಒಬ್ಬೊಬ್ಬರನ್ನು ಕರೆಯುವ ಮುನ್ನ ನಾಲ್ಕು ಸಾಲಿನ ಚುಟುಕ. ಅದು ಮುಗಿದ ಮೇಲೆ, ‘ವೇದಿಕೆಯ ಮೇಲೆ ಆಸೀನರಾಗಿರುವ’ ಎಂದು ಭಾಷಣಕಾರರು ಎಡತುದಿಯಿಂದ ಶುರು ಮಾಡುತ್ತಾರೆ. ಮೂರನೆಯವರ ಹೆಸರು ಮರೆತು ಬ್ಯಾನರಿನತ್ತ ತಿರುಗಿ ಓದಬೇಕಾಗುತ್ತದೆ, ತಿರುಗಿದಾಗ ದನಿ ಮೈಕಿನಿಂದ ದೂರವಾಗುತ್ತದೆ, ಕೇಳದೆ ಹೋದ ಹೆಸರಿನವರು ಆ ಸಿಟ್ಟನ್ನು ತಮ್ಮ ಹನ್ನೆರಡು ನಿಮಿಷಕ್ಕೆ ಕೂಡಿಸಿಕೊಳ್ಳುತ್ತಾರೆ. ‘ವೇದಿಕೆಯ ಮೇಲಿರುವ ಎಲ್ಲ ಗಣ್ಯರೇ’ ಎಂದರೆ ನಾಲ್ಕು ಸೆಕೆಂಡಿನಲ್ಲಿ ಮುಗಿಯುವ ಕೆಲಸ. ಅಷ್ಟು ಧೈರ್ಯವಿರುವವರನ್ನು ಮತ್ತೆ ಯಾರೂ ಕರೆಯುವುದಿಲ್ಲ.

ಕೃತಿ ಪರಿಚಯ ಮಾಡುವವರಿಗೆ ಪಿಡಿಎಫ್ ಹೋಗಿರುವುದು ಶನಿವಾರ ರಾತ್ರಿ ಹತ್ತಕ್ಕೆ. ಅವರು ಬೆನ್ನುಡಿ, ಮುನ್ನುಡಿ, ಮೊದಲ ಕಥೆ, ಕೊನೆಯ ಪುಟ ಇಷ್ಟನ್ನು ಓದಿರುತ್ತಾರೆ. ಕೇಳುವವರಿಗೆ ಇದು ಗೊತ್ತಾಗುವುದು ಹೇಗೆಂದರೆ, ಅವರ ಉದಾಹರಣೆಗಳೆಲ್ಲ ಇಪ್ಪತ್ತನೇ ಪುಟದೊಳಗೇ ಮುಗಿಯುತ್ತವೆ, ಆಮೇಲೆ ‘ಓದುಗರ ಕುತೂಹಲ ಕೆಡಿಸಬಾರದು’ ಎಂಬ ಮಾತು ಬರುತ್ತದೆ. ನನಗೆ ಇವರ ಮೇಲೆ ಕೋಪವಿಲ್ಲ. ‘ನಾನು ಪುಸ್ತಕ ಇನ್ನೂ ಓದಿಲ್ಲ, ಆದರೆ ಲೇಖಕರನ್ನು ಮೂವತ್ತು ವರ್ಷದಿಂದ ಓದಿದ್ದೇನೆ’ ಅನ್ನುವ ಅಧ್ಯಕ್ಷರಿಗಿಂತ ಇಪ್ಪತ್ತು ಪುಟ ಓದಿದವರು ಎಷ್ಟೋ ಮೇಲು.

ಏಳು ಕುರ್ಚಿಗಳಲ್ಲಿ ಒಂದು ಖಾಲಿ ಇರುತ್ತದೆ. ಅದು ಶಾಸಕರದ್ದು. ‘ದಾರಿಯಲ್ಲಿದ್ದಾರೆ’ ಎಂದು ಅವರ ಆಪ್ತ ಸಹಾಯಕರು ಹನ್ನೊಂದಕ್ಕೂ ಹೇಳುತ್ತಾರೆ, ಹನ್ನೆರಡಕ್ಕೂ ಹೇಳುತ್ತಾರೆ. ಸಂಘಟಕರು ಅವರಿಗಾಗಿ ಬಿಡುಗಡೆಯನ್ನು ಮುಂದೂಡಿ, ನಡುವೆ ಭಾವಗೀತೆ ಹಾಡಿಸಿ, ಯಾರನ್ನೋ ಎಬ್ಬಿಸಿ ಅನಿಸಿಕೆ ಕೇಳಿ ಕಾಲ ತಳ್ಳುತ್ತಾರೆ. ಹನ್ನೆರಡೂವರೆಗೆ ಸಾಹೇಬರು ಮೂವತ್ತು ಹಿಂಬಾಲಕರೊಂದಿಗೆ ಬಂದಾಗ ಲೇಖಕರೇ ಮಾತಾಡುತ್ತಿರುತ್ತಾರೆ, ಅರ್ಧ ವಾಕ್ಯದಲ್ಲಿ ನಿಲ್ಲಿಸಬೇಕು. ಶಾಸಕರು ಪುಸ್ತಕದ ಹೆಸರನ್ನು ಬ್ಯಾನರಿನಲ್ಲಿ ಓದಿ, ಮುರಿದ ಒತ್ತಕ್ಷರವನ್ನು ಬರೆದಂತೆಯೇ ಉಚ್ಚರಿಸಿ, ಕ್ಷೇತ್ರದ ಒಳಚರಂಡಿ ಕಾಮಗಾರಿಗೆ ಬರುತ್ತಾರೆ. ಇನ್ನೊಂದು ಮದುವೆ ಇದೆ ಎಂದು ಹೊರಡುತ್ತಾರೆ. ಮೂವತ್ತು ಜನ ಎದ್ದು ಹೋಗುತ್ತಾರೆ, ಜೊತೆಗೆ ವರದಿಗಾರರೂ ಕ್ಯಾಮೆರಾದವರೂ.

ಪತ್ರಿಕಾಗೋಷ್ಠಿ ನಡೆಯುವುದು ಮೆಟ್ಟಿಲ ಮೇಲೆ. ‘ನಾಯಕತ್ವ ಬದಲಾವಣೆ ಆಗುತ್ತಾ ಸಾರ್?’ ಎಂಬ ಪ್ರಶ್ನೆಗೆ ‘ಹೈಕಮಾಂಡ್ ಹೇಳಿದಂತೆ’ ಎಂಬ ಉತ್ತರ. ‘ಸಂಪುಟ ಪುನಾರಚನೆಯಲ್ಲಿ ನಿಮಗೆ ಸಚಿವ ಸ್ಥಾನ?’ ‘ಕೊಟ್ಟರೆ ನಿಭಾಯಿಸ್ತೀನಿ.’ ಮರುದಿನದ ಸುದ್ದಿಯಲ್ಲಿ ಇದು ಮೂರು ಕಾಲಂ ಬರುತ್ತದೆ. ಕೊನೆಯ ಪ್ಯಾರಾದಲ್ಲಿ, ಜಾಗ ಉಳಿದಿದ್ದರೆ, ‘ಇದಕ್ಕೂ ಮುನ್ನ ಅವರು ಪುಸ್ತಕವೊಂದನ್ನು ಬಿಡುಗಡೆ ಮಾಡಿದರು’. ಪುಸ್ತಕದ ಹೆಸರು ಪತ್ರಿಕೆಯಲ್ಲಿ ಬರಬೇಕೆಂಬ ಆಸೆ ಇರುವವರು ಶಾಸಕರನ್ನು ಕರೆಯದಿರುವುದೇ ಉಪಾಯ. ಕರೆದೇ ತೀರಬೇಕಿದ್ದರೆ ಒಂದು ಪುಟದ ವರದಿಯನ್ನು ತಾವೇ ಬರೆದು, ಪುಸ್ತಕ, ಲೇಖಕ, ಪ್ರಕಾಶನ, ಬೆಲೆ ನಾಲ್ಕನ್ನೂ ಮೊದಲ ಎರಡು ವಾಕ್ಯದೊಳಗೆ ಸೇರಿಸಿ, ಸಂಜೆ ನಾಲ್ಕರೊಳಗೆ ಪತ್ರಿಕಾ ಕಚೇರಿಗೆ ಮೇಲ್ ಮಾಡಬೇಕು. ಫೋಟೊದ ಕೆಳಗೆ ಎಡದಿಂದ ಬಲಕ್ಕೆ ಹೆಸರು ಕೊಡಬೇಕು. ಏಳೂ ಹೆಸರು. ಅಲ್ಲಿಯೂ ಕುರ್ಚಿಗಳು ಬಿಡುವುದಿಲ್ಲ. ಚುನಾವಣಾ ನೀತಿಸಂಹಿತೆ ಜಾರಿಗೆ ಬಂದಿದೆ ಎಂಬ ಸುದ್ದಿ ಕಾರ್ಡು ಅಚ್ಚಾದ ಮೇಲೆ ಬಂದರೆ ಮಾತ್ರ ಒಂದು ಕುರ್ಚಿ ತಾನಾಗಿ ಕಡಿಮೆಯಾಗುತ್ತದೆ. ಲೇಖಕರು ಹೊರಗೆ ಪೇಚಾಡಿದರೂ ಒಳಗೆ ಚುನಾವಣಾ ಆಯೋಗಕ್ಕೆ ಕೈಮುಗಿಯುತ್ತಾರೆ.

ಸನ್ಮಾನದಲ್ಲಿ ಎಡವಟ್ಟಾಗುವುದು ಅಳತೆಯಿಂದ. ಮೈಸೂರು ಪೇಟ ಅಂಗಡಿಯಲ್ಲಿ ಸಿಗುವುದು ಸಾಮಾನ್ಯವಾಗಿ ಒಂದೇ ಅಳತೆಯದ್ದು, ತಲೆಗಳು ಹಾಗಲ್ಲ. ಸಣ್ಣ ತಲೆಯವರ ಕಣ್ಣಿನವರೆಗೂ ಇಳಿಯುತ್ತದೆ, ದೊಡ್ಡ ತಲೆಯವರ ಮೇಲೆ ನಿಲ್ಲದೆ ಅವರು ಫೋಟೊ ಮುಗಿಯುವವರೆಗೆ ಕತ್ತು ಅಲುಗಿಸದೆ ಕೂರುತ್ತಾರೆ. ಹಾವೇರಿಯ ಏಲಕ್ಕಿ ಹಾರ ತರಿಸುವಷ್ಟು ದುಡ್ಡಿದ್ದರೆ ಒಬ್ಬರಿಗೇ ತರಿಸಬೇಡಿ. ಶಾಲನ್ನು ಪ್ಲಾಸ್ಟಿಕ್ಕಿನಿಂದ ತೆಗೆದು, ಬೆಲೆಯ ಚೀಟಿ ಕಿತ್ತು, ನಾಲ್ಕು ಮಡಿಕೆ ಮಾಡಿ ಜೋಡಿಸಿಡಬೇಕು. ಶಾಲುಗಳು ಊರು ಸುತ್ತುತ್ತವೆ ಎಂಬುದು ಎಲ್ಲರಿಗೂ ಗೊತ್ತು. ಹಿಂದಿನ ಸಮಾರಂಭದ ಹೆಸರಿನ ಚೀಟಿ ಒಳಮಡಿಕೆಯಲ್ಲಿ ಉಳಿದಿದೆಯೇ ಎಂದು ನೋಡಿಕೊಳ್ಳುವುದು ಸಂಘಟಕರ ಧರ್ಮ.

2021ರ ಆಗಸ್ಟಿನಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ, ಸರ್ಕಾರಿ ಸಭೆ ಸಮಾರಂಭಗಳಲ್ಲಿ ಹಾರ ತುರಾಯಿ ಬೇಡ, ಕನ್ನಡ ಪುಸ್ತಕ ಕೊಡಿ ಎಂದರು. 2023ರ ಮೇ ತಿಂಗಳಲ್ಲಿ ಮುಖ್ಯಮಂತ್ರಿಯಾದ ಸಿದ್ದರಾಮಯ್ಯನವರೂ ಹೂ, ಶಾಲು ಸ್ವೀಕರಿಸುವುದಿಲ್ಲ, ಪುಸ್ತಕವಾದರೆ ಆಗಬಹುದು ಎಂದರು. ಎರಡು ಪಕ್ಷಗಳು ಒಂದು ಮಾತಿಗೆ ಒಪ್ಪಿದ ಅಪರೂಪದ ಸಂದರ್ಭ. ಪುಸ್ತಕ ಬಿಡುಗಡೆಗಳಲ್ಲಿ ಇದರ ಪರಿಣಾಮ ವಿಚಿತ್ರವಾಗಿದೆ. ಗಣ್ಯರಿಗೆ ಹೊಸ ಪುಸ್ತಕದ ಗೌರವ ಪ್ರತಿಯ ಜೊತೆಗೆ ಪ್ರಕಾಶಕರು ಗೋದಾಮಿನಲ್ಲಿ ಉಳಿದ ಹಳೆಯ ಪುಸ್ತಕಗಳ ಮೂರು ಕೆಜಿ ಕಟ್ಟನ್ನೂ ಕೈಗಿಡುತ್ತಾರೆ. ಗಣ್ಯರು ಅದನ್ನು ಕುರ್ಚಿಯ ಕೆಳಗೆ ಮರೆತು ಹೋಗುತ್ತಾರೆ. ಶಾಲನ್ನು ಮಾತ್ರ ಯಾರೂ ಮರೆತದ್ದಿಲ್ಲ.

ಮಾರಾಟದ ಮೇಜು ಬಾಗಿಲ ಬಳಿ ಇರುತ್ತದೆ. ಅಲ್ಲಿ ಕೂರಿಸುವುದು ಲೆಕ್ಕ ಬಾರದ ಸೋದರಳಿಯನನ್ನು. ಪುಸ್ತಕದ ಬೆಲೆ 180 ಇಟ್ಟು ಶೇ 20 ರಿಯಾಯಿತಿ ಘೋಷಿಸಿದರೆ 144 ಆಗುತ್ತದೆ, 150 ಕೊಟ್ಟವರಿಗೆ ಆರು ರೂಪಾಯಿ ಚಿಲ್ಲರೆ ಎಲ್ಲಿಂದ ತರುವುದು? ಬೆಲೆ ಇಡುವಾಗಲೇ ರಿಯಾಯಿತಿ ಕಳೆದು ನೋಡಬೇಕು: 200 ಇಟ್ಟರೆ 160, 250 ಇಟ್ಟರೆ ಸರಿಯಾಗಿ 200. ಕ್ಯೂಆರ್ ಕೋಡ್ ಅಂಟಿಸಿದರೆ ಸಾಲದು, ಸಭಾಂಗಣದ ದಪ್ಪ ಗೋಡೆಯ ಹಿಂದೆ ನೆಟ್‌ವರ್ಕ್ ಸಿಗುತ್ತದೆಯೇ ನೋಡಬೇಕು. ಸಿಕ್ಕರೆ ಇನ್ನೊಂದು ಫಜೀತಿ: ಅಧ್ಯಕ್ಷರು ಕನ್ನಡಕ್ಕೆ ಓದುಗರೇ ಇಲ್ಲವೆಂದು ಕೊರಗುವ ಗಳಿಗೆಯಲ್ಲಿ ಪೆಟ್ಟಿಗೆ ‘ನೂರ ಅರವತ್ತು ರೂಪಾಯಿ ಸ್ವೀಕರಿಸಲಾಗಿದೆ’ ಎಂದು ಕೂಗುತ್ತದೆ. ಇಡೀ ಬೆಳಗಿನಲ್ಲಿ ಪುಸ್ತಕದ ಪರವಾಗಿ ಆಡಿದ ಅತ್ಯಂತ ಪ್ರಾಮಾಣಿಕ ಮಾತು ಅದು. ಧ್ವನಿ ತಗ್ಗಿಸಿ, ಪೂರ್ತಿ ಆರಿಸಬೇಡಿ.

ಹಸ್ತಾಕ್ಷರ ಹಾಕುವ ಜಾಗ ಒಳಗಿನ ಶೀರ್ಷಿಕೆ ಪುಟ. ಲ್ಯಾಮಿನೇಟ್ ಆದ ರಕ್ಷಾಪುಟದ ಮೇಲೆ ಜೆಲ್ ಪೆನ್ನಿನ ಶಾಯಿ ಒಣಗುವುದಿಲ್ಲ, ಓದುಗರ ಅಂಗಿಗೆ ಬರುತ್ತದೆ. ಬಂಧುಗಳಿಗೆ ಬರೆದುಕೊಡುವಾಗ ಹೆಸರು ಹಾಕದೆ ‘ಪ್ರೀತಿಯಿಂದ’ ಎಂದಷ್ಟೇ ಬರೆಯಿರಿ. ಆ ಪ್ರತಿ ಮುಂದೊಂದು ದಿನ ಅವೆನ್ಯೂ ರಸ್ತೆಯ ಹಳೆಪುಸ್ತಕದ ರಾಶಿಯಲ್ಲಿ ಸಿಕ್ಕಾಗ ಯಾರ ಮನೆಯಿಂದ ಬಂತೆಂದು ತಿಳಿಯದಿದ್ದರೆ ಸಂಬಂಧಗಳು ಉಳಿಯುತ್ತವೆ.

ಊಟ ತಿಂಡಿ ಯಾವಾಗ ಕೊಡಬೇಕೆಂಬುದು ಸಿದ್ಧಾಂತದ ಪ್ರಶ್ನೆ. ಮೊದಲೇ ಕೊಟ್ಟರೆ ತಿಂದವರು ಹೋಗುತ್ತಾರೆ, ಕೊನೆಗೆ ಕೊಟ್ಟರೆ ಹನ್ನೆರಡೂ ಮುಕ್ಕಾಲರಿಂದ ಒಗ್ಗರಣೆಯ ವಾಸನೆ ಅಧ್ಯಕ್ಷ ಭಾಷಣದ ಜೊತೆ ಸ್ಪರ್ಧಿಸುತ್ತದೆ. ಒಂದು ಕೆಜಿ ರವೆಗೆ ಇಪ್ಪತ್ತು ಪ್ಲೇಟು ಉಪ್ಪಿಟ್ಟು, ಒಂದು ಲೀಟರ್ ಕಾಫಿಗೆ ಹತ್ತು ಲೋಟ ಎಂದು ಹಿಡಿಯಿರಿ, ಶಾಸಕರ ಹಿಂಬಾಲಕರ ಮೂವತ್ತನ್ನು ಪ್ರತ್ಯೇಕ ಸೇರಿಸಿ. ಸಾಹಿತ್ಯಕ್ಕೂ ತಟ್ಟೆಗೂ ಸಂಬಂಧವಿಲ್ಲ ಅನ್ನುವವರು 2024ರ ಡಿಸೆಂಬರಿನ ಮಂಡ್ಯ ಸಮ್ಮೇಳನವನ್ನು ನೆನೆಯಲಿ. 87ನೇ ಸಾಹಿತ್ಯ ಸಮ್ಮೇಳನದ ಗೋಷ್ಠಿಗಳಲ್ಲಿ ಏನು ಚರ್ಚೆಯಾಯಿತೆಂದು ಕೇಳಿದರೆ ತಡವರಿಸುವವರೂ ಬಾಡೂಟದ ಬೇಡಿಕೆಯ ಬಗ್ಗೆ ಅರ್ಧ ಗಂಟೆ ವಾದಿಸಬಲ್ಲರು.

ಸಭೆ ಮುಗಿದ ಮೇಲೆ ಲೇಖಕರ ಮನೆಯ ಮಂಚದ ಕೆಳಗೆ ಉಳಿದ ಪ್ರತಿಗಳು ಅಂಚೆಗೆ ಹೊರಡಬೇಕು. 1954ರ ಕಾಯ್ದೆಯ ಪ್ರಕಾರ ಪ್ರಕಟವಾದ ಮೂವತ್ತು ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನಿತರ ಗೊತ್ತುಪಡಿಸಿದ ಗ್ರಂಥಾಲಯಗಳಿಗೂ ಪ್ರಕಾಶಕರು ಸ್ವಂತ ಖರ್ಚಿನಲ್ಲಿ ಪ್ರತಿ ಕಳಿಸಬೇಕು. ಪ್ರಶಸ್ತಿಗಳಿಗೆ ಮೂರು ಮೂರು, ನಾಲ್ಕು ನಾಲ್ಕು ಪ್ರತಿ. 2024ರ ಡಿಸೆಂಬರಿನಲ್ಲಿ ರಿಜಿಸ್ಟರ್ಡ್ ಬುಕ್ ಪೋಸ್ಟ್ ನಿಂತುಹೋಯಿತು, 2025ರಲ್ಲಿ ರಿಜಿಸ್ಟರ್ಡ್ ಅಂಚೆಯೇ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಯಿತು. ಈಗ ಅಗ್ಗದ ದಾರಿ 2025ರ ಮೇ 1ರಿಂದ ಶುರುವಾದ ಜ್ಞಾನ ಪೋಸ್ಟ್: 300 ಗ್ರಾಂವರೆಗೆ 20 ರೂಪಾಯಿ, ಮೇಲೆ ತೆರಿಗೆ. 70 ಜಿಎಸ್ಎಂ ಕಾಗದದ ಡೆಮಿ ಪುಸ್ತಕ 240 ಪುಟದವರೆಗೆ ಕವರಿನ ಸಮೇತ ಈ ತೂಕದೊಳಗೆ ಬರುತ್ತದೆ. ಅದಕ್ಕೂ ಒಂದು ಫಾರಂ ಮುಂದೆ ಹೋದರೆ ತಕ್ಕಡಿ ಮೇಲಿನ ಹಂತಕ್ಕೆ ಹಾರುತ್ತದೆ. ಹಾಗಾಗಿ ಪುಟ ಮೀರಿದ ಪುಸ್ತಕದ ಲೇಖಕರು ಅಂಚೆ ಕೌಂಟರಿನಲ್ಲಿ ನಿಂತು, ಕವರಿನೊಳಗಿಂದ ಬಣ್ಣದ ಆಹ್ವಾನ ಪತ್ರಿಕೆ ತೆಗೆದು, ಮತ್ತೆ ತೂಗಿಸಿ, ವಿನಂತಿ ಪತ್ರವನ್ನೂ ತೆಗೆದು, ಮತ್ತೆ ತೂಗಿಸುತ್ತಾರೆ. ಹಿಂದಿನ ಸಾಲಿನವರು, ‘ಸಾರ್, ಬೇಗ ಬಿಡುಗಡೆ ಮಾಡಿ’ ಅನ್ನುತ್ತಾರೆ.